ಊರಿನ ಕೊನೆಯ ಮನೆಗೂ ಡಿಜಿಟಲ್ ಸೌಲಭ್ಯ: ಪಂಚಾಯಿತಿ ಮಟ್ಟದಲ್ಲಿ ಯೋಜನೆ ರೂಪಿಸುವುದು ಹೇಗೆ?

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. ಅದೇ ಇಂದಿನ ಭಾರತ್‌ನೆಟ್. ಕರ್ನಾಟಕದಲ್ಲಿ 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ, ಹಲವೆಡೆ ಅವು ಕಂಪ್ಯೂಟರ್ ಉಳ್ಳ ಅರಿವು ಕೇಂದ್ರಗಳಾಗಿವೆ. ಆದರೆ ಪಂಚಾಯಿತಿ ಕಟ್ಟಡದಿಂದ ತಾಂಡಾ, ಹಾಡಿ, ಕಾಲೊನಿಗಳಿಗೆ ಇರುವ ಅಂತರವನ್ನು ಕಳೆಯುವ ಕೆಲಸವನ್ನು ಊರಿನವರೇ ಯೋಜಿಸಬೇಕಾಗಿದೆ.

ಮೊದಲ ಹೆಜ್ಜೆ ಮನೆ ಮನೆಯ ಸಮೀಕ್ಷೆ. ‘ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ’ ಎಂದಷ್ಟೇ ಕೇಳಿದರೆ ಸಿಗುವ ಉತ್ತರ ದಾರಿ ತಪ್ಪಿಸುತ್ತದೆ. ಫೋನ್ ಹಗಲು ಯಾರ ಕೈಯಲ್ಲಿರುತ್ತದೆ, ತಿಂಗಳ ಕೊನೆಯಲ್ಲಿ ರೀಚಾರ್ಜ್ ಇರುತ್ತದೆಯೇ, ಆಧಾರ್‌ಗೆ ಜೋಡಿಸಿದ ಸಂಖ್ಯೆ ಯಾರದು ಎಂಬುದನ್ನು ಕೇಳಬೇಕು. ಪಿಂಚಣಿ ಪಡೆಯುವ ಅಜ್ಜಿಯ ಒಟಿಪಿ ಬೆಂಗಳೂರಿನಲ್ಲಿ ದುಡಿಯುವ ಮಗನ ಫೋನಿಗೆ ಹೋಗುತ್ತಿದ್ದರೆ, ಆಕೆಗೆ ಬೇಕಾದದ್ದು ವೈ-ಫೈ ಅಲ್ಲ, ಸಂಖ್ಯೆಯ ಬದಲಾವಣೆ. ಕೂಲಿ ಕೆಲಸದಿಂದ ಬೆರಳಚ್ಚು ಸವೆದವರು, ಕನ್ನಡ ಓದಬಲ್ಲರಾದರೂ ಟೈಪ್ ಮಾಡಲಾರದವರು, ದೃಷ್ಟಿದೋಷವುಳ್ಳವರು ಎಂದು ತೊಡಕುಗಳನ್ನು ಬೇರೆ ಬೇರೆಯಾಗಿಯೇ ಬರೆದುಕೊಳ್ಳಬೇಕು. ಆಶಾ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘಗಳ ಸದಸ್ಯೆಯರು ಜೊತೆಗಿದ್ದರೆ ಹೆಂಗಸರು ಸಂಕೋಚವಿಲ್ಲದೆ ಮಾತನಾಡುತ್ತಾರೆ.

ಎರಡನೆಯದಾಗಿ, ಸಂಪರ್ಕ ಎಲ್ಲಿಯವರೆಗೆ ತಲುಪಿದೆ ಎಂಬುದಕ್ಕೆ ಕಾಗದದ ಮೇಲಿನ ದಾಖಲೆಯನ್ನಷ್ಟೇ ನಂಬದೆ, ಪ್ರತಿ ಜನವಸತಿಗೆ ಹೋಗಿ ಸಂಜೆಯ ಹೊತ್ತಿನಲ್ಲೇ ಪರೀಕ್ಷಿಸಿ. ಶಾಲೆ, ಅಂಗನವಾಡಿ, ಅರಿವು ಕೇಂದ್ರಗಳಿಗೆ ಫೈಬರ್ ವಿಸ್ತರಿಸಬಹುದೇ ಎಂದು ವಿಚಾರಿಸಿ. 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ವ್ಯವಸ್ಥೆಯಡಿ ಕಿರಾಣಿ ಅಂಗಡಿಯವರೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ನೀಡಬಹುದು.

ಮುಂದಿನದು ಸ್ಥಳ, ಸಮಯ ಮತ್ತು ಕಲಿಸುವವರು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2002ರಲ್ಲಿ ಆರಂಭವಾದ ‘ಅಕ್ಷಯ’ ಯೋಜನೆಯು ಪ್ರತಿ ಕುಟುಂಬದ ಒಬ್ಬರಿಗಾದರೂ ಕಂಪ್ಯೂಟರ್ ಪರಿಚಯ ಮಾಡಿಸುವ ಗುರಿಯೊಂದಿಗೆ ಮನೆಗಳ ಸಮೀಪದಲ್ಲೇ ಕೇಂದ್ರಗಳನ್ನು ತೆರೆಯಿತು. ಈ ಸಾಮೀಪ್ಯ ಅನುಕರಣೀಯ. ಆದರೆ ‘ಕುಟುಂಬಕ್ಕೊಬ್ಬರು’ ಎಂಬ ಗುರಿಯಲ್ಲಿ ಆ ಒಬ್ಬರು ಮನೆಯ ಹುಡುಗನೇ ಆಗಿಬಿಡಬಹುದಾದ್ದರಿಂದ, ಮಹಿಳೆಯರ ಮತ್ತು ಹಿರಿಯರ ಗುರಿಯನ್ನು ಪ್ರತ್ಯೇಕವಾಗಿ ನಿಗದಿಪಡಿಸುವುದು ಲೇಸು. ಕೂಲಿಯವರು ಮನೆಗೆ ಮರಳುವ ಹೊತ್ತಿಗೆ ಬಾಗಿಲು ಮುಚ್ಚುವ ಕೇಂದ್ರ ಅವರ ಪಾಲಿಗೆ ಇಲ್ಲದಂತೆಯೇ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿದ್ದು, ಕನ್ನಡವನ್ನೂ ಓದುತ್ತದೆ. ಅದನ್ನು ಒಂದು ಕಂಪ್ಯೂಟರ್‌ನಲ್ಲಾದರೂ ಅಳವಡಿಸಿ. ಪಾಠವು ಪಹಣಿ ನೋಡುವುದು, ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕ್ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ತಿಳಿಯುವುದು ಇಂಥ ಅಗತ್ಯಗಳಿಂದ ಆರಂಭವಾಗಲಿ.

ಹಣದ ವಿಷಯದಲ್ಲಿ ಬಹುತೇಕ ಯೋಜನೆಗಳು ಎಡವುವುದು ಖರೀದಿಯ ನಂತರ. ಮಾಸಿಕ ಇಂಟರ್‌ನೆಟ್ ಶುಲ್ಕ, ಯುಪಿಎಸ್ ಬ್ಯಾಟರಿ, ದುರಸ್ತಿ ಮತ್ತು ಕಲಿಸುವವರ ಗೌರವಧನಗಳನ್ನು ಮೂರು ವರ್ಷಗಳಿಗಾದರೂ ಲೆಕ್ಕ ಹಾಕಿಯೇ ಕಂಪ್ಯೂಟರ್ ಕೊಳ್ಳಬೇಕು. 2025–26ರವರೆಗಿನ 15ನೇ ಹಣಕಾಸು ಆಯೋಗದ ಅನಿರ್ಬಂಧಿತ (ಇಂಥದ್ದೇ ಕೆಲಸಕ್ಕೆಂದು ಮೀಸಲಿಡದ) ಅನುದಾನವನ್ನೂ ಸಂಬಳ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಅಂಥ ನಿರ್ಬಂಧವಿದ್ದಾಗ ಗೌರವಧನಕ್ಕೆ ಪಂಚಾಯಿತಿಯ ಸ್ವಂತ ವರಮಾನ ಅಥವಾ ದಾನಿಗಳ ನೆರವು ಹುಡುಕಬೇಕಾಗುತ್ತದೆ. ಬೇಡಿಕೆಯನ್ನು ಮೊದಲು ವಾರ್ಡ್ ಸಭೆಯಲ್ಲಿ, ಬಳಿಕ ಗ್ರಾಮ ಸಭೆಯಲ್ಲಿ ಮಂಡಿಸಿ, ಪಂಚಾಯಿತಿಯ ಅಭಿವೃದ್ಧಿ ಯೋಜನೆಯಾದ ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಸೇರಿಸಿಕೊಳ್ಳುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಲಿಖಿತವಾಗಿ ಕೋರಿ.

ಹೊಸಬರನ್ನು ಇಂಟರ್‌ನೆಟ್‌ಗೆ ಕರೆತರುವವರು ಅವರ ರಕ್ಷಣೆಯ ಹೊಣೆಯನ್ನೂ ಹೊರಬೇಕು. ಒಟಿಪಿ ಮತ್ತು ಪಿನ್ ಯಾರಿಗೂ ಹೇಳಬಾರದೆಂಬುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿ.

ಆರು ತಿಂಗಳಿಗೊಮ್ಮೆ ಗ್ರಾಮ ಸಭೆಯಲ್ಲಿ ಲೆಕ್ಕ ಒಪ್ಪಿಸುವಾಗ ಎಷ್ಟು ಜನ ತರಬೇತಿಗೆ ಬಂದರು ಎಂಬುದಕ್ಕಿಂತ, ಸಮೀಕ್ಷೆಯಲ್ಲಿ ಗುರುತಿಸಿದ ಮನೆಗಳ ಪೈಕಿ ಎಷ್ಟು ಮನೆಯವರು ಈಗ ತಮ್ಮ ಅರ್ಜಿಯನ್ನು ತಾವೇ ಸಲ್ಲಿಸುತ್ತಿದ್ದಾರೆ ಎಂಬುದನ್ನು ಓದಿ ಹೇಳಿ. ಉಳಿದ ಮನೆಗಳ ಪಟ್ಟಿಯೇ ಮುಂದಿನ ಅವಧಿಯ ಕ್ರಿಯಾ ಯೋಜನೆಯಾಗುತ್ತದೆ.