ಹುಣಸೆ ಬೀಜದಲ್ಲಿ ಎಣಿಸಿದ ನಿದ್ದೆ

ವಯಸ್ಸಾದವರ ನಮ್ಮ ಹೋಂನಲ್ಲಿ ಈಗ ಅರ್ಧಕ್ಕರ್ಧ ಜನ ರಾತ್ರಿ ಹತ್ತರ ಹತ್ತಿರವಾಗದೆ ಹಾಸಿಗೆ ಹತ್ತುವುದಿಲ್ಲ. ಇದನ್ನು ಶುರು ಮಾಡಿದಾಗ, ಇನ್ನೊಂದು ಹೋಂ ನಡೆಸುವ ಗೆಳತಿ ಫೋನಲ್ಲೇ ಬೈದಿದ್ದಳು. ‘ವಯಸ್ಸಾದ ಜೀವಗಳನ್ನ ನಿದ್ದೆಗೆಡಿಸ್ತೀಯಲ್ಲೇ, ಪಾಪ ಸುತ್ಕೊಳ್ಳುತ್ತೆ ನೋಡು’ ಅಂದಳು. ಹೋದ ತಿಂಗಳು ಅವಳೇ ಫೋನ್ ಮಾಡಿ, ‘ನಿನ್ನ ಟೈಂಟೇಬಲ್ ಸ್ವಲ್ಪ ಕಳಿಸೇ’ ಅಂತ ಕೇಳಿದಳು. ಒಬ್ಬಳಿಗೆ ಕಳಿಸುವುದಕ್ಕಿಂತ ಹೋಂ ನಡೆಸುವ ನಿಮಗೆಲ್ಲರಿಗೂ ಸಿಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರಿನಿಂದ ಸ್ವಲ್ಪ ಒಳಗೆ, ತೆಂಗಿನ ತೋಟದ ಪಕ್ಕ. 24 ಜನ ಇದ್ದಾರೆ, 15 ಅಜ್ಜಿಯರು, 9 ತಾತಂದಿರು. ನಾನು ಹದಿನೇಳು ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಹೋಂ ಶುರು ಮಾಡಿ 11 ವರ್ಷ ಆಯಿತು. ಇಲ್ಲಿ ಎಲ್ಲರಿಗೂ ನಾನು ಸಿಸ್ಟರಮ್ಮ.

ಮೊದಲು ನಮ್ಮಲ್ಲೂ ನಿಮ್ಮ ಹಾಗೇ ಇತ್ತು. ಆರೂಮುಕ್ಕಾಲಿಗೆ ಊಟ, 8 ಗಂಟೆಗೆ ಲೈಟ್ ಆಫ್. ಅವರಿಗೆ ನಿದ್ದೆ ಬರುತ್ತೆ ಅಂತಲ್ಲ, ಅಡುಗೆಯವರು ಮನೆಗೆ ಹೋಗಬೇಕಿತ್ತು ಅಷ್ಟೇ. ರಾತ್ರಿ 1 ಗಂಟೆಯಿಂದ ಬೆಲ್ ಶುರು. ನೀರು, ಬಾತ್‌ರೂಂ, ಫ್ಯಾನ್ ಜೋರು, ಫ್ಯಾನ್ ನಿಧಾನ. ಮೂರು ಗಂಟೆಗೆ ಇಬ್ಬರು ತಾತಂದಿರು ಎದ್ದು ಕೂತು, ‘ಬ್ರಾಹ್ಮೀ ಮುಹೂರ್ತ ಆಯ್ತು, ಕಾಫಿ ಕೊಡಮ್ಮ’ ಅನ್ನುತ್ತಿದ್ದರು. ಬ್ರಾಹ್ಮೀ ಮುಹೂರ್ತ ಶುರುವಾಗುವುದು ಸೂರ್ಯ ಹುಟ್ಟುವುದಕ್ಕೆ 96 ನಿಮಿಷ ಮೊದಲು. ನಮ್ಮ ಕಡೆ ಅದು ನಾಲ್ಕೂವರೆ, ಐದರ ಹತ್ತಿರ ಬರುತ್ತೆ. ಈ ಲೆಕ್ಕ ಹೇಳಿದರೂ ಕೇಳುವವರಲ್ಲ. ಬೆಳಿಗ್ಗೆ ಎದ್ದರೆ ಎಲ್ಲರದೂ ಒಂದೇ ಹಾಡು: ರಾತ್ರಿ ನಿದ್ದೆಯೇ ಇಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ವಾರಕ್ಕೊಮ್ಮೆ ಬರುವ ಡಾಕ್ಟರು ಐದಾರು ಜನಕ್ಕೆ ಆಲ್ಪ್ರಜೋಲಾಂ ಅನ್ನೋ ನಿದ್ದೆ ಬರಿಸುವ ಗುಳಿಗೆ ಬರೆದರು. ಬೆಲ್ ನಿಂತಿತು. ಎರಡು ತಿಂಗಳು ನಮಗೂ ಸುಖ. ಒಂದು ರಾತ್ರಿ ಎರಡು ಗಂಟೆಗೆ ಒಬ್ಬ ಅಜ್ಜಿ ಬಾತ್‌ರೂಂಗೆ ಅಂತ ಎದ್ದು ತೂರಾಡಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ನು, ಓಡಾಟ ಎಲ್ಲಾ ಸೇರಿ ಮನೆಯವರಿಗೆ 1 ಲಕ್ಷ 80 ಸಾವಿರದ ಹತ್ತಿರ ಆಯಿತು. ಮನಸ್ಸು ತಡೆಯದೆ ನಾನೂ 25 ಸಾವಿರ ಕೊಟ್ಟೆ. ಅಜ್ಜಿಯನ್ನು ಕರೆದುಕೊಂಡು ಹೋದರು, ಅವರ ನೆಂಟರೊಬ್ಬರು ನಮ್ಮ ಹೋಂ ಸೇರಬೇಕಿತ್ತು, ಅವರೂ ಬರಲಿಲ್ಲ. 65 ದಾಟಿದವರಿಗೆ ಆದಷ್ಟು ಕೊಡಬಾರದ ಔಷಧಿಗಳದ್ದು ಬೀರ್ಸ್ ಪಟ್ಟಿ ಅಂತ ಒಂದಿದೆ. ಈ ಜಾತಿಯ ಗುಳಿಗೆಗಳು ಅದರಲ್ಲಿವೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ, ಬೆಲ್ ನಿಂತಿತ್ತಲ್ಲ.

ಆಮೇಲೆ ಹೆದರಿ ಒಬ್ಬ ತಾತನ ಮಗ ಗುಳಿಗೆಯನ್ನು ಒಂದೇ ದಿನಕ್ಕೆ ನಿಲ್ಲಿಸಿಬಿಟ್ಟ. ನಾಲ್ಕು ರಾತ್ರಿ ತಾತನಿಗೆ ಕಣ್ಣು ಮುಚ್ಚಲಾಗಲಿಲ್ಲ, ಕೈ ನಡುಕ, ಬೆವರು. ಮತ್ತೆ ಶುರು ಮಾಡಿ, ಡಾಕ್ಟರು ಎರಡು ತಿಂಗಳು ಅರ್ಧ, ಕಾಲು ಅಂತ ಇಳಿಸಿಕೊಂಡು ಬಂದರು. ನೀವು ಇದನ್ನು ಓದಿ ನಾಳೆಯೇ ಯಾರದ್ದಾದರೂ ಗುಳಿಗೆ ನಿಲ್ಲಿಸಿದರೆ ನನ್ನನ್ನು ಕೇಳಬೇಡಿ.

ನಂತರ ಹಾಸಿಗೆ. 12 ಹೊಸ ಹಾಸಿಗೆ, ಒಂದೊಂದಕ್ಕೆ ಏಳೂವರೆ ಸಾವಿರ. ಬೆನ್ನು ನೋವು ಕಡಿಮೆಯಾಯಿತು, ನಿದ್ದೆ ಮೊದಲಿನಷ್ಟೇ. ಬೆಂಗಳೂರಿನಲ್ಲಿ ಓದುವ ನನ್ನ ಮಗಳ ಮಾತು ಕೇಳಿ ಕೈಗೆ ಕಟ್ಟುವ ಬ್ಯಾಂಡ್ 6 ತರಿಸಿದೆ. ಅದಕ್ಕೆ 12 ಸಾವಿರ. ಒಬ್ಬ ತಾತ ಬೆಳಗಿನ ಜಾವ ಮೂರೂವರೆಯಿಂದ ಐದರವರೆಗೆ ಅಲ್ಲಾಡದೆ ಕೂತು ಜಪ ಮಾಡುತ್ತಾರೆ. ಬ್ಯಾಂಡು ಅದನ್ನೂ ಒಳ್ಳೆಯ ನಿದ್ದೆ ಅಂತ ಬರೆದಿತ್ತು! ಆರೂ ಈಗ ಡ್ರಾಯರಿನಲ್ಲಿವೆ, ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ.

ಆಗ ಹೊಳೆದಿದ್ದು ಹುಣಸೆ ಬೀಜ. ಚೌಕಾಬಾರದ ಡಬ್ಬಿಯಲ್ಲೇ ಬೇಕಾದಷ್ಟಿತ್ತು. ಪ್ರತಿ ಮಂಚದ ತಲೆಯ ಹತ್ತಿರ ಒಂದು ಸ್ಟೀಲ್ ಲೋಟ, ಮೇಲೆ ನೇಲ್ ಪಾಲಿಶ್‌ನಲ್ಲಿ ಹೆಸರು. ನೈಟ್ ಡ್ಯೂಟಿ ಹುಡುಗಿ ಅರ್ಧ ಗಂಟೆಗೊಂದು ಸುತ್ತು ಹಾಕಬೇಕು. ಯಾರು ಎಚ್ಚರವಿದ್ದಾರೋ ಅವರ ಲೋಟಕ್ಕೆ ಒಂದು ಬೀಜ. ಬೆಳಿಗ್ಗೆ ಬೀಜ ಎಣಿಸಿದರೆ ಎಷ್ಟು ಹೊತ್ತು ಎಚ್ಚರವಿದ್ದರು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತೆ. ಖರ್ಚು ಸೊನ್ನೆ.

ಮೊದಲ ರಾತ್ರಿಯೇ ಎಡವಟ್ಟು. ಸ್ಟೀಲ್ ಲೋಟಕ್ಕೆ ಬೀಜ ಬಿದ್ದರೆ ಟಣ್ ಅನ್ನುತ್ತೆ. ಎಚ್ಚರ ಇದ್ದವರ ಲೋಟಕ್ಕೆ ಹಾಕಿದ ಸದ್ದಿಗೆ ಪಕ್ಕದವರೂ ಎದ್ದರು. ಅವರಿಗೂ ಒಂದು ಬೀಜ, ಮತ್ತೆ ಟಣ್. ಮಾರನೇ ದಿನ ಲೋಟದ ತಳಕ್ಕೆ ಹಳೇ ಬನಿಯನ್ ತುಂಡು ಹಾಕಿದೆವು. ಟಾರ್ಚಿನ ಬೆಳಕಿಗೆ ಎದ್ದವರೂ ಇದ್ದರು, ಅದಕ್ಕೆ ಕೆಂಪು ಗ್ಲಾಸ್ ಪೇಪರ್ ಸುತ್ತಿದೆವು. ಮೂರನೇ ವಾರ ಇನ್ನೊಂದು. ಎಲ್ಲರ ಲೋಟದಲ್ಲೂ ಸರಿಯಾಗಿ ಐದೈದು ಬೀಜ. ಹುಡುಗಿ ರಾತ್ರಿಯೆಲ್ಲಾ ಮಲಗಿ, ನಾಲ್ಕು ಗಂಟೆಗೆ ಎದ್ದು ಹಂಚಿದ್ದಳು! ಈಗ ಸುತ್ತು ತಪ್ಪಿದರೆ ನನಗೆ ಬೆಳಿಗ್ಗೆ ಗೊತ್ತಾಗುತ್ತೆ. ಹೇಗೆ ಅಂತ ಇಲ್ಲಿ ಬರೆಯಲ್ಲ. ನಮ್ಮ ಹುಡುಗಿಯರೂ ಓದುತ್ತಾರೆ.

ಎರಡು ವಾರದ ಲೆಕ್ಕ ನೋಡಿ ನನಗೇ ಆಶ್ಚರ್ಯ. ಹಾಸಿಗೆಯಲ್ಲಿರುವುದು ರಾತ್ರಿ 8ರಿಂದ ಬೆಳಿಗ್ಗೆ ಐದೂವರೆ, ಅಂದರೆ ಒಂಬತ್ತೂವರೆ ಗಂಟೆ. ಬೀಜ ಒಬ್ಬೊಬ್ಬರಿಗೆ ಏಳು, ಎಂಟು. ಸುಮಾರು ಐದೂಮುಕ್ಕಾಲು ಗಂಟೆ ನಿದ್ದೆ ಆಗಿದೆ. ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದೂವರೆ, ಎರಡು ಗಂಟೆ ಗೊರಕೆ. ಅಲ್ಲಿಗೆ ಏಳೂವರೆ ಗಂಟೆ! ಮಕ್ಕಳು ಫೋನ್ ಮಾಡಿ, ‘ವಯಸ್ಸಾದವರಿಗೆ 7–8 ಗಂಟೆ ನಿದ್ದೆ ಬೇಕಂತೆ ಸಿಸ್ಟರ್, ಅಮ್ಮನಿಗೆ ಆಗ್ತಿಲ್ಲವಂತೆ’ ಅನ್ನುತ್ತಿದ್ದರು. ಆಗುತ್ತಿತ್ತು. ಚೂರುಚೂರಾಗಿ, ಬೇಡದ ಹೊತ್ತಿನಲ್ಲಿ ಆಗುತ್ತಿತ್ತು. ಆರು ಗಂಟೆಯ ನಿದ್ದೆಯನ್ನು ಒಂಬತ್ತೂವರೆ ಗಂಟೆಯ ಹಾಸಿಗೆಯ ಮೇಲೆ ಹರಡಿದರೆ ಅಲ್ಲಲ್ಲಿ ತೂತು ಬೀಳದೆ ಇರುತ್ತಾ?

ಹಾಸಿಗೆಯ ಹೊತ್ತು ಕಡಿಮೆ ಮಾಡುವುದು ನಾನು ಕಂಡುಹಿಡಿದಿದ್ದಲ್ಲ. 1987ರಲ್ಲಿ ಅಮೆರಿಕದ ಸ್ಪೀಲ್‌ಮನ್ ಅನ್ನೋರು ಬರೆದ ಪದ್ಧತಿ, ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಆದರೆ ಅದು ಡಾಕ್ಟರ ಎದುರು ಒಬ್ಬೊಬ್ಬರೇ ಕೂತು ಮಾಡುವುದು. 16 ಜನಕ್ಕೆ ಒಟ್ಟಿಗೆ, ಒಂದು ಅಡುಗೆಮನೆ, ನಾಲ್ಕು ಹುಡುಗಿಯರನ್ನು ಇಟ್ಟುಕೊಂಡು ಮಾಡಿದ್ದು ನಾವು. ಅಷ್ಟು ಜಂಬ ಇರಲಿ ಬಿಡಿ.

ಯಾಕೆ 16? ಮರೆವಿನ ಕಾಯಿಲೆಯ ಮೂವರನ್ನು ಬಿಟ್ಟೆ. ಸಂಜೆಯಾದರೆ ಅವರಿಗೆ ಗಲಿಬಿಲಿ, ಅವರ ಕಥೆಯೇ ಬೇರೆ. ಮಲಗಿದಲ್ಲೇ ಇರುವ ಇಬ್ಬರನ್ನು ಬಿಟ್ಟೆ. ಫಿಟ್ಸ್ ಬರುವ ತಾತನನ್ನಂತೂ ಮುಟ್ಟಲೇಬಾರದು, ನಿದ್ದೆ ಕೆಟ್ಟರೆ ಫಿಟ್ಸ್ ಬರುತ್ತೆ. ಒಬ್ಬರು ಬರಲ್ಲ ಅಂತ ಹಟ ಹಿಡಿದರು. ಇನ್ನೊಬ್ಬರ ಗೊರಕೆ ಮಧ್ಯೆ ಮಧ್ಯೆ ಪೂರ್ತಿ ನಿಲ್ಲುತ್ತಿತ್ತು, ಆಮೇಲೆ ಗಕ್ ಅಂತ ಎದ್ದೇಳುತ್ತಿದ್ದರು. ಬೀಜ ಎಣಿಸದೆ ಇದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದರು, ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ. ಮಗ ನಲವತ್ತು ಸಾವಿರ ಚಿಲ್ಲರೆ ಕೊಟ್ಟು ಮುಖಕ್ಕೆ ಹಾಕಿ ಗಾಳಿ ಒತ್ತುವ ಮಷಿನ್ ತಂದ. ತಾತ ಎರಡು ಗಂಟೆಗೆ ಅದನ್ನು ಕಿತ್ತು ಪಕ್ಕಕ್ಕಿಡುತ್ತಾರೆ, ಹುಡುಗಿ ಮತ್ತೆ ಹಾಕುತ್ತಾಳೆ.

ಹೊಸ ಲೆಕ್ಕ ಹೀಗೆ. ಊಟ 8ಕ್ಕೆ. ಹಾಸಿಗೆ ಹತ್ತೂಕಾಲಿಗೆ. ಏಳುವುದು 5ಕ್ಕೆ, ರಾತ್ರಿ ನಿದ್ದೆ ಬಂದಿರಲಿ ಬಿಡಲಿ. ಮಧ್ಯಾಹ್ನ ಎರಡೂವರೆಯೊಳಗೆ ಅರ್ಧ ಗಂಟೆ ಮಾತ್ರ, ಅದೂ ಆರಾಮ ಕುರ್ಚಿಯಲ್ಲಿ. ಹಾಸಿಗೆಯ ಹೊತ್ತನ್ನು ಆರು ಗಂಟೆಗಿಂತ ಕಡಿಮೆ ಯಾರಿಗೂ ಇಳಿಸಲಿಲ್ಲ. ಲೋಟದಲ್ಲಿ ಒಂದು ವಾರ ಬೀಜ ಎರಡು ದಾಟದಿದ್ದರೆ 15 ನಿಮಿಷ ಮುಂಚೆ ಮಲಗಬಹುದು. ಅಜ್ಜಿಯರಿಗೆ ಇದು ಇನ್‌ಕ್ರಿಮೆಂಟ್ ಇದ್ದ ಹಾಗೆ. ‘ನಂಗೆ ಹತ್ತು ಗಂಟೆ ಆಯ್ತು, ನಿಂಗಿನ್ನೂ ಹತ್ತೂಕಾಲಾ?’ ಅಂತ ಒಬ್ಬರನ್ನೊಬ್ಬರು ಕೆಣಕುತ್ತಾರೆ.

ಮೊದಲ ಹತ್ತು ದಿನ ನರಕ. ಎಲ್ಲರೂ ತೂಕಡಿಸುತ್ತಿದ್ದರು. ಊಟದ ತಟ್ಟೆ ಮುಂದೆಯೇ ತಲೆ ವಾಲುತ್ತಿತ್ತು. ಬಿದ್ದಾರು ಅಂತ ಹೆದರಿ ಎರಡು ವಾರ ಇನ್ನೊಬ್ಬ ಹುಡುಗಿಯನ್ನು ಹೆಚ್ಚಿಗೆ ಇಟ್ಟೆ. ಒಬ್ಬ ಮಗ ಬಂದು, ‘ತಿಂಗಳಿಗೆ 14 ಸಾವಿರ ಕೊಡೋದು ನಮ್ಮಮ್ಮನ್ನ ನಿದ್ದೆಗೆಡಿಸೋಕಾ?’ ಅಂತ ಕೂಗಾಡಿದ. ಹದಿನೈದು ದಿನ ಟೈಂ ಕೊಡಿ, ಆಗದಿದ್ದರೆ ಈ ತಿಂಗಳ ದುಡ್ಡು ವಾಪಸ್ ಅಂದೆ. ಬಾಯಿತಪ್ಪಿ ಅಂದಿದ್ದು, ನಮ್ಮ ಯಜಮಾನರು ಎರಡು ದಿನ ಮಾತಾಡಲಿಲ್ಲ.

ಎಂಟರಿಂದ ಹತ್ತರವರೆಗೆ ಎಚ್ಚರ ಇಡುವುದೇ ದೊಡ್ಡ ಕೆಲಸ. ಟಿವಿ ಹಾಕಿದರೆ ಸೀರಿಯಲ್ ಮುಂದೆಯೇ ನಿದ್ದೆ ಹೋಗುತ್ತಾರೆ. ಭಜನೆ ಮಾಡಿಸಿದೆ, ತಾತಂದಿರು ಎದ್ದು ಹೋದರು. ಕೊನೆಗೆ ಕೈ ಹಿಡಿದಿದ್ದು ಚೌಕಾಬಾರ ಮತ್ತು ಅಳಗುಳಿ ಮಣೆ. ಜಗಳ ಇರುವ ಆಟದಲ್ಲಿ ಯಾರೂ ತೂಕಡಿಸಲ್ಲ. ಒಂದು ಕಾಯಿ ಹೊಡೆದಿದ್ದಕ್ಕೆ ಇಬ್ಬರು ಅಜ್ಜಿಯರು ಮೂರು ದಿನ ಮಾತು ಬಿಟ್ಟಿದ್ದರು, ಆದರೆ ರಾತ್ರಿ ಇಬ್ಬರಿಗೂ ಒಳ್ಳೆ ನಿದ್ದೆ.

ಬಿಸಿಲಿನಲ್ಲೂ ಒಂದು ತಪ್ಪು ಮಾಡಿದೆ. ಬಿಸಿಲು ಒಳ್ಳೆಯದು ಅಂತ ಎಲ್ಲರನ್ನೂ ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಕೂರಿಸಿದೆ. ಮೂರು ಗಂಟೆಗೆ ಏಳುತ್ತಿದ್ದ ತಾತಂದಿರು ಎರಡೂವರೆಗೇ ಏಳಲು ಶುರು ಮಾಡಿದರು. ಸಂಜೆ ಬೇಗ ನಿದ್ದೆ ಬಂದು ಬೇಗ ಏಳುವವರಿಗೆ ಬೆಳಗಿನ ಬಿಸಿಲು ಉಲ್ಟಾ ಹೊಡೆಯುತ್ತೆ. ಈಗ ನಾಲ್ಕೂವರೆಯಿಂದ ಐದೂವರೆ ತೋಟದ ಅಂಚಿನಲ್ಲಿ ಕುರ್ಚಿ ಹಾಕಿ ಪಶ್ಚಿಮಕ್ಕೆ ಮುಖ ಮಾಡಿ ಕೂರಿಸುತ್ತೇವೆ. ಸುಮ್ನೆ ಕೂರಲ್ಲ, ಸೊಪ್ಪು ಬಿಡಿಸುತ್ತಾರೆ. ಅಡುಗೆಯವರಿಗೂ ಅನುಕೂಲ.

ಬಾತ್‌ರೂಂ ಓಡಾಟಕ್ಕೆ ಎರಡು ಕೆಲಸ ಮಾಡಿದೆ. ಇಬ್ಬರು ಅಜ್ಜಿಯರಿಗೆ ಮೂತ್ರ ಜಾಸ್ತಿ ಮಾಡಿಸುವ ಲಾಸಿಕ್ಸ್ ಗುಳಿಗೆಯ ಎರಡನೇ ಡೋಸ್ ಸಂಜೆ 6ಕ್ಕೆ ಇತ್ತು. ಅದರ ಕೆಲಸ ಆರು ಗಂಟೆ ನಡೆಯುತ್ತೆ, ‘ಲಾಸ್ಟ್ಸ್ ಸಿಕ್ಸ್’ ಅಂತ ಹೆಸರಲ್ಲೇ ಇದೆ ಅಂತ ನರ್ಸಿಂಗ್ ಟ್ರೇನಿಂಗಲ್ಲಿ ಹೇಳಿಕೊಟ್ಟಿದ್ದು ನಿಮಗೂ ನೆನಪಿರಬಹುದು. ಡಾಕ್ಟರನ್ನು ಕೇಳಿ ಮಧ್ಯಾಹ್ನ 2ಕ್ಕೆ ಬದಲಾಯಿಸಿದೆವು. ಕಾಲು ಊದುವವರಿಗೆ ಮಧ್ಯಾಹ್ನ ಒಂದು ಗಂಟೆ ಹೊತ್ತು ಕಾಲು ದಿಂಬಿನ ಮೇಲೆ. ಕಾಲಲ್ಲಿ ಇಳಿದು ನಿಂತ ನೀರು ಮಲಗಿದ ಮೇಲೆ ತಾನೇ ಮೇಲೆ ಬರುವುದು? ಹಗಲಲ್ಲೇ ಹೋಗಲಿ ಅಂತ. ರಾತ್ರಿಗೆ ನಾಲ್ಕು ಸಲ ಏಳುತ್ತಿದ್ದವರು ಎರಡಕ್ಕೆ ಬಂದರು.

ಗಸಗಸೆ ಪಾಯಸವನ್ನೂ ನೋಡಿದೆ, ನೋಡದೆ ಬಿಡುತ್ತೀನಾ? ವಾರಕ್ಕೆ ಎರಡು ಸಲ, ಹದಿನೈದು ಜನಕ್ಕೆ. ಕಾಲು ಕೆಜಿಗೆ ನಾನೂರು ಚಿಲ್ಲರೆ ಕೊಟ್ಟ ನೆನಪು. ಕುಡಿದವರು ಚೆನ್ನಾಗಿ ನಿದ್ದೆ ಬಂತು ಅಂದರು, ಬೀಜದ ಲೆಕ್ಕದಲ್ಲಿ ಏನೂ ವ್ಯತ್ಯಾಸವಿಲ್ಲ. ಶುಗರ್ ಮಾತ್ರ ಏರಿತು. ಪಾದಕ್ಕೆ ಹರಳೆಣ್ಣೆ ತಿಕ್ಕಿಸಿದ್ದೂ ಅಷ್ಟೇ, ಆದರೆ ಅದನ್ನು ನಿಲ್ಲಿಸಿಲ್ಲ. ಯಾರಾದರೂ ಹತ್ತು ನಿಮಿಷ ಕಾಲು ಮುಟ್ಟಿ ಮಾತಾಡಿಸುತ್ತಾರೆ ಅಂತ ಕಾಯುತ್ತಾರೆ.

ಕಾಫಿ ದೊಡ್ಡ ವಿಷಯ. ಎರಡು ಗಂಟೆಯ ಮೇಲೆ ಕಾಫಿ ಇಲ್ಲ ಅಂದಾಗ ಒಂಬತ್ತು ತಾತಂದಿರೂ ಒಟ್ಟಾಗಿ ಊಟ ಬಿಟ್ಟರು. ಒಂದೇ ಹೊತ್ತು ಬಿಡಿ. ಈಗ ನಾಲ್ಕು ಗಂಟೆಗೆ ಲೋಟ ತುಂಬಾ ಬರುತ್ತೆ, ಬಣ್ಣ ಇದೆ, ನೊರೆ ಇದೆ, ಪರಿಮಳ ಇದೆ. ಅದರಲ್ಲಿ ಏನು ಬದಲಾಗಿದೆ ಅಂತ ನನಗೆ ಮತ್ತು ಅಡುಗೆಯವರಿಗೆ ಮಾತ್ರ ಗೊತ್ತು.

ಮೂರನೇ ವಾರದಿಂದ ಬೀಜ ಇಳಿಯತೊಡಗಿತು. ಏಳೆಂಟು ಇದ್ದದ್ದು ಒಂದು, ಎರಡಕ್ಕೆ ಬಂತು. ಈಗ ಹೆಚ್ಚಿನವರು ಒಂಬತ್ತೂಮುಕ್ಕಾಲು, ಹತ್ತಕ್ಕೆ ಮಲಗಿ ಐದಕ್ಕೆ ಏಳುತ್ತಾರೆ. ರಾತ್ರಿ ಆರೂಕಾಲರಿಂದ ಆರೂವರೆ ಗಂಟೆ, ಮಧ್ಯಾಹ್ನ ಅರ್ಧ. ದಿನದ ಒಟ್ಟು ಮೊದಲಿಗಿಂತ ಸ್ವಲ್ಪ ಕಡಿಮೆಯೇ. ಆದರೆ ಒಂದೇ ಪಟ್ಟಿಗೆ ಬರುತ್ತೆ, ಮಧ್ಯರಾತ್ರಿಯ ಬೆಲ್ ಎರಡೋ ಮೂರೋ ಅಷ್ಟೇ. 16ರಲ್ಲಿ 12 ಜನಕ್ಕೆ ಹಿಡಿಸಿತು. ಇಬ್ಬರಿಗೆ ಏನೂ ಆಗಲಿಲ್ಲ. ಇಬ್ಬರು ಮೊದಲಿಗಿಂತ ಸುಸ್ತಾದರು, ಅವರನ್ನು ಹಳೇ ಟೈಮಿಗೇ ಬಿಟ್ಟೆ. ಖರ್ಚು ಅಂದರೆ ರಾತ್ರಿ ಎರಡು ಗಂಟೆ ಹೆಚ್ಚಿಗೆ ಕೆಲಸಕ್ಕೆ ತಿಂಗಳಿಗೆ ಮೂರು ಸಾವಿರ, ನೆಲದ ಹತ್ತಿರ ಹಾಕಿದ ಕೇಸರಿ ಬಣ್ಣದ ಜೀರೋ ಬಲ್ಬುಗಳಿಗೆ ಆರೇಳು ನೂರು. ಡೈಪರ್ ಖರ್ಚು ಇಳಿದಿದ್ದರಲ್ಲೇ ಅದು ಹೊರಟಿತು. ಕೂಗಾಡಿದ ಮಗ ದುಡ್ಡು ವಾಪಸ್ ಕೇಳಲಿಲ್ಲ. ಈ ಯುಗಾದಿಗೆ ಒಂದು ಗೋಣಿ ಕಾಯಿ ತಂದು ಹಾಕಿ ಹೋದ.

ಒಬ್ಬರು ಟೀಚರಜ್ಜಿ ಇದ್ದಾರೆ, ಮೇಷ್ಟ್ರ ಕೆಲಸ ಮಾಡಿ ರಿಟೈರ್ ಆದವರು. ಮೊನ್ನೆ ಬೆಳಿಗ್ಗೆ ಕಾಫಿ ಕೊಡುವಾಗ, ‘ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ ಸಿಸ್ಟರಮ್ಮ’ ಅಂದರು. ಲೋಟ ತೋರಿಸಿದೆ. ಒಂದೇ ಬೀಜ ಇತ್ತು. ಕನ್ನಡಕ ಹಾಕಿಕೊಂಡು ಲೋಟ ಬಗ್ಗಿಸಿ ನೋಡಿದರು, ಬನಿಯನ್ ತುಂಡನ್ನು ಎತ್ತಿ ಕೆಳಗೂ ನೋಡಿದರು. ಆಮೇಲೆ ಪಕ್ಕದ ಮಂಚದ ಅಜ್ಜಿಯ ಕಡೆ ತಿರುಗಿ, ‘ಇವಳೇ ತೆಗೆದಿರೋದು. ಅಳಗುಳಿ ಮಣೆಗೆ ಬೀಜ ಕಮ್ಮಿ ಬಿತ್ತು ಅಂತ ನಿನ್ನೆ ಹೇಳ್ತಿದ್ಲು’ ಅಂದರು.