ಅಂಗೈಯಷ್ಟು ರೊಟ್ಟಿ, ಇಪ್ಪತ್ತು ನಿಮಿಷ

ಹೋದ ತಿಂಗಳು ಯಾದಗಿರಿಯಿಂದ ಒಬ್ಬರು ಫೋನ್ ಮಾಡಿದ್ದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ. ತೂಕ ಇಳಿಸಲು ಆಪರೇಷನ್ ಮಾಡಿಸಿ ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡು ಐದು ವಾರ ಆಗಿತ್ತು. "ಟೀಚರ್, ಇಷ್ಟು ರೊಕ್ಕ ಹೋತು, ಆಪರೇಷನ್ ಆತು. ಈಗ ಹಸಿವು ಮೊದ್ಲಿನಂಗೇ ಆಗ್ಲಕತ್ತದ. ತೂಕ ನಿಂತೇಬಿಟ್ಟದ. ನನ್ನ ಕೈಲೆ ಆಗಲ್ಲ ಬಿಡ್ರಿ" ಅಂತ ಅತ್ತುಬಿಟ್ಟರು.

ನನಗೆ ನನ್ನ ಐದನೇ ವಾರ ನೆನಪಾಯಿತು. ನಾನೂ ಹೀಗೇ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಅವತ್ತು ನನಗೆ ಯಾರಾದರೂ ಹೇಳಬೇಕಿತ್ತು ಅನ್ನಿಸಿದ ಮಾತನ್ನೇ ಅವರಿಗೆ ಮೊದಲು ಹೇಳಿದೆ. "ಅಕ್ಕಾ, ನಿಮ್ಮ ಬ್ಯಾಂಡ್ ಇನ್ನೂ ಕೆಲಸ ಶುರುನೇ ಮಾಡಿಲ್ಲ."

ನನ್ನ ಆಪರೇಷನ್ ಆಗಿದ್ದು 2012ರಲ್ಲಿ, ಹೈದರಾಬಾದಿನಲ್ಲಿ. ನಮ್ಮೂರು ಕಲಬುರಗಿಗೆ ಆಗ ಇನ್ನೂ ಗುಲ್ಬರ್ಗಾ ಅನ್ನುವ ಹೆಸರು. ನನ್ನ ಫೈಲಿನ ಮೇಲೆ ಇವತ್ತಿಗೂ ಅದೇ ಇದೆ. ನನಗೆ 38 ವರ್ಷ. ಎತ್ತರ ಐದು ಅಡಿ ಎರಡು ಇಂಚು, ತೂಕ 112 ಕೆಜಿ. ಶುಗರ್ ಶುರುವಾಗಿತ್ತು. ಶಾಲೆಯಲ್ಲಿ ಮೇಲಿನ ಮಹಡಿಯ ತರಗತಿಗೆ ಹೋಗುವಾಗ ಮೆಟ್ಟಿಲಲ್ಲಿ ಎರಡು ಸಲ ನಿಲ್ಲುತ್ತಿದ್ದೆ. ಮಕ್ಕಳು ಪಕ್ಕದಲ್ಲಿ ಹಾದು ಹೋಗುವಾಗ ಮೊಬೈಲ್ ನೋಡುವ ಹಾಗೆ ಮಾಡುತ್ತಿದ್ದೆ.

ಬ್ಯಾಂಡ್ ಅಂದರೆ ಸಿಲಿಕೋನ್‌ನ ಒಂದು ಉಂಗುರ. ಜಠರದ ಮೇಲ್ಭಾಗಕ್ಕೆ ಅದನ್ನು ಸುತ್ತುತ್ತಾರೆ. ಅದರ ಮೇಲೆ ಒಂದು ಪುಟ್ಟ ಚೀಲದಷ್ಟು ಜಾಗ ಉಳಿಯುತ್ತದೆ. ಉಂಗುರದಿಂದ ಒಂದು ಸಣ್ಣ ನಳಿಕೆ ಬಂದು ಹೊಟ್ಟೆಯ ಚರ್ಮದ ಕೆಳಗಿರುವ ಪೋರ್ಟ್ ಅನ್ನುವ ಪುಟ್ಟ ಡಬ್ಬಿಗೆ ಸೇರುತ್ತದೆ. ಆ ಪೋರ್ಟಿಗೆ ಸೂಜಿ ಹಾಕಿ ಸಲೈನ್ ತುಂಬಿದರೆ ಬ್ಯಾಂಡ್ ಬಿಗಿಯಾಗುತ್ತದೆ, ತೆಗೆದರೆ ಸಡಿಲ. ಆಪರೇಷನ್ ಮುಗಿದ ಮೇಲೆ ಬ್ಯಾಂಡನ್ನು ಸಡಿಲವಾಗಿಯೇ ಬಿಟ್ಟಿರುತ್ತಾರೆ. ಒಳಗಿನ ಗಾಯ ಮಾಯಬೇಕು, ಬ್ಯಾಂಡ್ ತನ್ನ ಜಾಗದಲ್ಲಿ ಕೂರಬೇಕು. ಮೊದಲೆರಡು ವಾರ ನೀರು, ಮಜ್ಜಿಗೆ, ಬೇಳೆಯ ತಿಳಿ. ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಆರನೇ ವಾರದ ಹೊತ್ತಿಗೆ ಗಟ್ಟಿ ಊಟ. ಒಳಗೆ ಬಾವು ಇರುವ ತನಕ ಹಸಿವು ಅಷ್ಟಾಗಿ ಕಾಣಿಸುವುದಿಲ್ಲ. ಬಾವು ಇಳಿದ ಮೇಲೆ ಹಸಿವು ಜೋರಾಗಿ ಬರುತ್ತದೆ. ಸಲೈನ್ ತುಂಬುವುದು ಸುಮಾರು ಆರು ವಾರದ ನಂತರ, ಅದೂ ಸ್ವಲ್ಪ ಸ್ವಲ್ಪವಾಗಿ, ಕೆಲವು ಸಲ. ಈ ನಡುವಿನ ದಿನಗಳಲ್ಲಿ ಹಸಿವಾದರೆ ಅದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ. ಇದನ್ನು ಮೂರು ಸಲ ಹೇಳಿದ ಮೇಲೆ ಅವರ ಅಳು ನಿಂತಿತು.

ಈಗ ಬ್ಯಾಂಡ್ ಹಾಕುವುದು ಕಡಿಮೆಯಾಗಿದೆ. ಜಠರವನ್ನೇ ಕತ್ತರಿಸಿ ಸಣ್ಣದು ಮಾಡುವ ಸ್ಲೀವ್ ಆಪರೇಷನ್ ಜಾಸ್ತಿ. ಯಾವುದು ಯಾರಿಗೆ ಅನ್ನುವುದು ಡಾಕ್ಟರಿಗೆ ಬಿಟ್ಟದ್ದು. ನಾನು ಹೇಳುವುದು ಬ್ಯಾಂಡಿನ ಜೊತೆ ನಾನು ಹೇಗೆ ಬದುಕಿದೆ ಅನ್ನುವುದನ್ನು ಮಾತ್ರ.

ಮೊದಲ ಸಲ ಸಲೈನ್ ತುಂಬಿಸಿಕೊಂಡು ಬಂದಾಗ ಡಾಕ್ಟರು ಹೇಳಿದ್ದು ಇಷ್ಟೇ. ಚಿಕ್ಕ ತುತ್ತು, ಚೆನ್ನಾಗಿ ಅಗಿಯಿರಿ, ಇಪ್ಪತ್ತು ನಿಮಿಷ ಕೂತು ಉಣ್ಣಿ, ಸಾಕು ಅನ್ನಿಸಿದ ಕೂಡಲೇ ಕೈ ತೊಳೆಯಿರಿ. ಕೇಳಲು ಸುಲಭ. ಆದರೆ ನಾನು 38 ವರ್ಷ ಉಂಡದ್ದು ಬೇರೆ ರೀತಿ. ಬೆಳಿಗ್ಗೆ ಶಾಲೆಗೆ ಓಡುವ ಮುಂಚೆ ನಿಂತುಕೊಂಡೇ ಎರಡು ರೊಟ್ಟಿ ಮುಗಿಸುತ್ತಿದ್ದೆ. ಏನು ಪಲ್ಯ ಇತ್ತು ಅಂತ ಬಸ್ಸಿನಲ್ಲಿ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ನಮ್ಮ ಕಡೆ ಊಟ ಅಂದರೆ ಬಡಿಸುವವರು ಒತ್ತಾಯ ಮಾಡಬೇಕು, ಉಣ್ಣುವವರು ಬೇಡ ಬೇಡ ಅಂದು ಹಾಕಿಸಿಕೊಳ್ಳಬೇಕು. ಅದೇ ಪ್ರೀತಿ. ನಮ್ಮ ಅತ್ತೆ ರೊಟ್ಟಿ ಬಡಿದರೆ ಹಂಚಿನ ಅಂಚಿನ ತನಕ ಬರುತ್ತಿತ್ತು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ನಾನು ಕಾಲು ರೊಟ್ಟಿ ಮುರಿದು ಉಳಿದದ್ದು ಬಿಟ್ಟರೆ ಅವರ ಮುಖ ಸಣ್ಣದಾಗುತ್ತಿತ್ತು. "ಇಷ್ಟು ಉಂಡ್ರ ಹ್ಯಾಂಗವ್ವ" ಅಂತ ಇನ್ನೊಂದು ತುಂಡು ತಾಟಿಗೆ ಸರಿಸುತ್ತಿದ್ದರು. ಬಿಡಲು ಮನಸ್ಸಾಗದೆ ತಿನ್ನುತ್ತಿದ್ದೆ. ಆಮೇಲೆ ಎದೆ ಹಿಡಿಯುತ್ತಿತ್ತು.

ಒಂದು ದಿನ ಅವರನ್ನು ಕೂರಿಸಿ ನನ್ನ ಸಣ್ಣ ಚಹಾ ಕಪ್ಪು ತೋರಿಸಿದೆ. "ಅತ್ತಿ, ಮ್ಯಾಲಿನ ಹೊಟ್ಟಿ ಈಗ ಇದಕ್ಕಿಂತ ಸಣ್ಣದು. ಇದು ತುಂಬಿದ ಮ್ಯಾಲ ಹಾಕಿದ್ರ ಹೊರಗ ಬರ್ತದ." ಅವರು ಕಪ್ಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಏನೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಅವರು ಕೂತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾದಿದ ಜೋಳದ ಹಿಟ್ಟಿನಿಂದ ನಿಂಬೆಹಣ್ಣಿನಷ್ಟು ಉಂಡೆ ಮುರಿದರು. ಹಿಟ್ಟು ಉದುರಿಸಿ ಬಡಿಯಲು ಶುರು ಮಾಡಿದರು. ಅಂಗೈ ದೊಡ್ಡದಾಗಿ ಬಡಿದು ಬಡಿದು ರೂಢಿ, ಸಣ್ಣ ರೊಟ್ಟಿಗೆ ಕೈ ಕೂರಲಿಲ್ಲ. ಕೊನೆಗೆ ನಾಲ್ಕು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಹಂಚಿನ ನಡುವೆ ಅಂಗೈಯಷ್ಟು ಒಂದು ರೊಟ್ಟಿ. ಅದಕ್ಕೆ ನೀರು ಹಚ್ಚಿ, ತಿರುವಿ, ಉಬ್ಬಿಸಿ ನನ್ನ ತಾಟಿಗೆ ಹಾಕಿ, "ಇದು ಪೂರಾ ಉಣ್ಣು, ಬಿಡಬ್ಯಾಡ" ಅಂದರು. ಬಿಡುವ ಸಂಕಟ ಅವತ್ತಿಗೆ ಮುಗಿಯಿತು. ತೂಕ ಇಳಿಸುವವರಿಗೆ ಮನೆಯವರು ಏನು ಮಾಡಬೇಕು ಅಂತ ಕೇಳಿದರೆ ನಾನು ಈ ರೊಟ್ಟಿಯ ಕತೆಯನ್ನೇ ಹೇಳುತ್ತೇನೆ.

ತಾಟಿನಲ್ಲಿ ಮೊದಲು ಪ್ರೋಟೀನ್. ದಿನಕ್ಕೆ 60 ಗ್ರಾಂ ಆಸುಪಾಸು ಬೇಕು ಅಂತ ನನಗೆ ಹೇಳಿದ್ದರು. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ಆದರೆ ತೊಗರಿಯ ನಾಡಿನಲ್ಲಿ ಬೇಳೆಗೆ ಏನು ಬರ? ಗಟ್ಟಿ ಬೇಳೆ, ಮಡಕೆ ಕಾಳು, ಹೆಸರು ಕಾಳಿನ ಪಲ್ಯ, ಝುಣಕ, ಪನೀರ್, ಮೊಸರು. ಅವು ಮೊದಲು, ಪುಂಡಿ ಪಲ್ಯ ಆಮೇಲೆ, ರೊಟ್ಟಿ ಕೊನೆಗೆ. ಶೇಂಗಾ ಹಿಂಡಿ ನನಗೆ ಪ್ರಾಣ, ಆದರೆ ಎಣ್ಣೆ ಜಾಸ್ತಿ, ಹಾಗಾಗಿ ಒಂದು ಚಮಚ ಅಷ್ಟೇ. ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿತು. ಮೆತ್ತಗಿನ ಚಪಾತಿ, ಬ್ರೆಡ್ಡು, ಅಂಟಂಟಾದ ಅನ್ನ ಗಂಟಲ ಕೆಳಗೆ ಮುದ್ದೆಯಾಗಿ ಸಿಕ್ಕಿಕೊಳ್ಳುತ್ತವೆ. ಖಡಕ್ ರೊಟ್ಟಿ ಪುಡಿಯಾಗುವ ತನಕ ಅಗಿದರೆ ಸಲೀಸಾಗಿ ಇಳಿಯುತ್ತದೆ.

ಸಿಕ್ಕಿಕೊಂಡರೆ ಹೇಗಿರುತ್ತದೆ ಅಂತಲೂ ಹೇಳಬೇಕು. ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು, ಮಾತಾಡುತ್ತಾ ಚಪಾತಿಯ ಎರಡು ತುತ್ತು ಸರಿಯಾಗಿ ಅಗಿಯದೆ ನುಂಗಿದೆ. ಎದೆಯ ನಡುವೆ ಕಲ್ಲಿಟ್ಟ ಹಾಗೆ ನೋವು. ಬಾಯಲ್ಲಿ ನೀರು ತುಂಬಿ ತುಂಬಿ ಬಂತು. ಎದ್ದು ಹಿತ್ತಲಿಗೆ ಹೋಗಿ ಕಕ್ಕಿದ ಮೇಲೆ ಸಮಾಧಾನ. ಹೀಗಾದರೆ ಒಂದು ದಿನ ನೀರಿನಂಥದ್ದನ್ನೇ ಕುಡಿದು ಹೊಟ್ಟೆಗೆ ಬಿಡುವು ಕೊಡಿ. ನೀರು ಅಥವಾ ಉಗುಳು ಕೂಡ ಇಳಿಯದಿದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ. ಪದೇ ಪದೇ ವಾಂತಿಯಾದರೆ ಬ್ಯಾಂಡ್ ಜಾಗದಿಂದ ಜಾರುವ ಅಪಾಯವಿದೆ.

ಊಟದ ಜೊತೆ ನೀರು ಕುಡಿಯಬಾರದು. ಕುಡಿದರೆ ಮೇಲಿನ ಚೀಲದಲ್ಲಿ ಇರಬೇಕಾದ ಊಟ ಕೆಳಗೆ ಹೋಗಿ ಮತ್ತೆ ಹಸಿವಾಗುತ್ತದೆ. ಉಂಡು ಅರ್ಧ ಗಂಟೆಯಾದರೂ ಬಿಡಬೇಕು. ಕಲಬುರಗಿಯ ಮೇ ತಿಂಗಳು ಗೊತ್ತಲ್ವಾ? 43 ಡಿಗ್ರಿಯಲ್ಲಿ ನೀರು ಬಿಟ್ಟಿರಲು ಆಗುವುದಿಲ್ಲ. ಒಮ್ಮೆಗೇ ಗಟಗಟ ಕುಡಿಯಲೂ ಆಗುವುದಿಲ್ಲ. ಶಾಲೆ ಇದ್ದಾಗ ಪೀರಿಯಡ್ ಗಂಟೆ ಹೊಡೆದಾಗಲೆಲ್ಲ ಬಾಟಲಿಯಿಂದ ನಾಲ್ಕು ಗುಟುಕು ಅಂತ ಇಟ್ಟುಕೊಂಡೆ. ರಜೆಯಲ್ಲಿ ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡೆ.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಬಹಳ ಜನ ಇಲ್ಲೇ ಎಡವುತ್ತಾರೆ.

ಮೊದಲ ವರ್ಷ ಚೆನ್ನಾಗಿ ಇಳಿಯಿತು. ವಾರಕ್ಕೆ ಅರ್ಧ ಕೆಜಿ, ಒಮ್ಮೊಮ್ಮೆ ಜಾಸ್ತಿ. ನಂತರ ನಿಂತಿತು. ಇನ್ನಷ್ಟು ಬಿಗಿ ಮಾಡಿದರೆ ಇನ್ನಷ್ಟು ಇಳಿಯುತ್ತದೆ ಅಂದುಕೊಂಡು ನಾನೇ ಹಟ ಹಿಡಿದು ಮತ್ತೆ ಸಲೈನ್ ತುಂಬಿಸಿಕೊಂಡೆ. ಊರಿಗೆ ಬಂದು ವಾರದಲ್ಲಿ ಗಟ್ಟಿ ಊಟ ಇಳಿಯದಾಯಿತು. ರಾತ್ರಿ ಮಲಗಿದರೆ ಹುಳಿ ನೀರು ಗಂಟಲಿಗೆ ಬಂದು ಕೆಮ್ಮು. ಎರಡು ದಿಂಬು ಇಟ್ಟುಕೊಂಡು ಮಲಗಿದೆ, ಯಾರಿಗೂ ಹೇಳಲಿಲ್ಲ. ಇಳಿಯುವುದು ಏನೋ ಅದನ್ನೇ ತಿಂದೆ: ಐಸ್‌ಕ್ರೀಮ್, ಕಬ್ಬಿನ ಹಾಲು, ಸಕ್ಕರೆ ಚಹಾದಲ್ಲಿ ನೆನೆಸಿದ ಬಿಸ್ಕೀಟು, ಗಂಜಿ. ಇವಕ್ಕೆ ಬ್ಯಾಂಡ್ ಅಡ್ಡಿ ಬರುವುದೇ ಇಲ್ಲ, ಸುಮ್ನೆ ಜಾರಿಕೊಂಡು ಹೋಗುತ್ತವೆ. ಎರಡು ತಿಂಗಳಲ್ಲಿ ಮೂರು ಕೆಜಿ ಏರಿತು. ಊಟ ಮಾಡುತ್ತಿಲ್ಲ, ಆದರೂ ಏರಿದೆ! ಆ ದಿನಗಳಲ್ಲಿ ನಾನು ತುಂಬಾ ಕುಗ್ಗಿಹೋಗಿದ್ದೆ.

ಕೊನೆಗೆ ರಾತ್ರಿ ಕೆಮ್ಮು ಕೇಳಿ ಯಜಮಾನರೇ ಹೈದರಾಬಾದಿಗೆ ಕರೆದುಕೊಂಡು ಹೋದರು. ಡಾಕ್ಟರು ಬೇರಿಯಂ ಅನ್ನುವ ಬಿಳಿ ದ್ರವ ಕುಡಿಸಿ ಎಕ್ಸ್‌ರೇಯಲ್ಲಿ ನೋಡಿದರು. ಬ್ಯಾಂಡಿನ ಮೇಲೆ ಅದು ನಿಂತೇ ಇತ್ತು. ಅರ್ಧ ಮಿಲಿ ಸಲೈನ್ ತೆಗೆದರು. ಅರ್ಧ ಮಿಲಿ ಅಂದರೆ ಹತ್ತು ಹನಿ. ಅವತ್ತು ರಾತ್ರಿ ದಿಂಬಿಲ್ಲದೆ ಮಲಗಿದೆ. ಮರುದಿನ ಬೇಳೆ, ಪಲ್ಯ, ಸಣ್ಣ ರೊಟ್ಟಿ ಅಗಿದು ಉಂಡೆ, ನಾಲ್ಕು ಗಂಟೆ ಹಸಿವೇ ಆಗಲಿಲ್ಲ. ಆ ತಿಂಗಳು ತೂಕ ಮತ್ತೆ ಇಳಿಯಲು ಶುರುವಾಯಿತು. ಬ್ಯಾಂಡ್ ಸಡಿಲ ಮಾಡಿದ ಮೇಲೆ! ಬ್ಯಾಂಡ್ ಇರುವುದು ಗಟ್ಟಿ ಊಟ ಸ್ವಲ್ಪ ಉಂಡರೂ ಹೊಟ್ಟೆ ತುಂಬಿದ ಹಾಗೆ ಅನ್ನಿಸಲಿ ಅಂತ. ಗಟ್ಟಿ ಊಟ ಇಳಿಯದ ಹಾಗೆ ಬಿಗಿ ಮಾಡಿಸಿಕೊಂಡರೆ ಅದರ ಕೆಲಸವನ್ನು ನಾವೇ ಕೆಡಿಸಿದ ಹಾಗೆ. ರಾತ್ರಿ ಕೆಮ್ಮು, ಹುಳಿ ನೀರು ಬಂದರೆ ಮುಚ್ಚಿಡಬೇಡಿ.

ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಬ್ಲಿಕ್ ಗಾರ್ಡನ್‌ನಲ್ಲಿ ಹತ್ತು ನಿಮಿಷದಿಂದ ಶುರು ಮಾಡಿದೆ. ಈಗ ಮುಕ್ಕಾಲು ಗಂಟೆ. ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಮನೆ ಬಿಡಬೇಕು, ತಡವಾದರೆ ಬಿಸಿಲು ಬಿಡುವುದಿಲ್ಲ. ಶಾಲೆಯ ಇನ್ನೊಬ್ಬ ಟೀಚರ್ ಗೇಟಿನಲ್ಲಿ ಕಾಯುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ದಿನ ಎದ್ದಿದ್ದೇನೆ. ತೂಕ ನೋಡುವುದು ಸೋಮವಾರ ಮಾತ್ರ. ದಿನಾ ನೋಡಿದರೆ ಮನಸ್ಸು ಕೆಡುತ್ತದೆ.

ಹಬ್ಬಗಳಲ್ಲಿ ನನಗೆ ಕಷ್ಟವಾಗಿದ್ದು ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಎಲ್ಲರೂ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ ಉಣ್ಣುವ ದಿನ. ಅವತ್ತು ಬೇಡ ಅನ್ನುವುದು ನನ್ನಿಂದ ಆಗುವುದಿಲ್ಲ, ಅನ್ನಲೂಬಾರದು. ಹಾಗಾಗಿ ಎಲ್ಲವನ್ನೂ ಹಾಕಿಸಿಕೊಳ್ಳುತ್ತೇನೆ, ಒಂದೊಂದು ಚಮಚ. ಭಜ್ಜಿಯಲ್ಲಿ ಕಾಳು, ತರಕಾರಿ ಎರಡೂ ಇರುತ್ತವೆ, ಅದು ಮೊದಲು. ಅಂಬಲಿ ಒಂದು ತಾಸು ಬಿಟ್ಟು, ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆದು ಬಂದ ಮೇಲೆ. ಹೀಗೆ ಉಂಡರೆ ಕಡಲೆ ಗಿಡದ ಹುಳಿ ಗಾಳಿಯಲ್ಲಿ ಇಡೀ ಮಧ್ಯಾಹ್ನ ಉಂಡ ಹಾಗೆ ಇರುತ್ತದೆ.

ಎರಡನೇ ವರ್ಷದ ಕೊನೆಗೆ ನನ್ನ ತೂಕ 85 ಕೆಜಿಗೆ ಬಂತು. ಅಲ್ಲಿಂದ ಒಂದೆರಡು ಕೆಜಿ ಆಚೀಚೆ ಆಗುತ್ತದೆ. ತೆಳ್ಳಗಾಗಿಲ್ಲ. ಆದರೆ ಮೆಟ್ಟಿಲಲ್ಲಿ ನಿಲ್ಲುವುದಿಲ್ಲ, ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತು ಉಣ್ಣುತ್ತೇನೆ, ಶುಗರ್ ಮಾತ್ರೆ ಅರ್ಧಕ್ಕೆ ಇಳಿದಿದೆ. 27 ಕೆಜಿ ಸಣ್ಣ ಮಾತಲ್ಲ. ಹಿಟ್ಟಿನ ಚೀಲ ಎತ್ತಿದಾಗಲೆಲ್ಲ ಇಷ್ಟು ಭಾರವನ್ನು ಹೊತ್ತು ತಿರುಗುತ್ತಿದ್ದೆನಲ್ಲ ಅಂತ ಅನ್ನಿಸುತ್ತದೆ.

ಯಾದಗಿರಿಯವರು ಈಗ ಪ್ರತಿ ಸೋಮವಾರ ಫೋನ್ ಮಾಡುತ್ತಾರೆ. ಮೊದಲು ನಾನು ನನ್ನ ತೂಕ ಹೇಳುತ್ತೇನೆ, ಆಮೇಲೆ ಅವರು. ಹೋದ ವಾರ ಅವರದು 400 ಗ್ರಾಂ ಇಳಿದಿತ್ತು. "ಇಷ್ಟೇ ಏನ್ರಿ ಟೀಚರ್" ಅಂದರು. ಊಟಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿದೆ. "ಹದಿನೆಂಟು ನಿಮಿಷ" ಅಂದರು. ಮೊದಲ ವಾರ ಆರು ನಿಮಿಷ ಇತ್ತು.

ಮುಂದಿನ ತಿಂಗಳು ನನ್ನ ವರ್ಷದ ತಪಾಸಣೆ. ರಕ್ತ ಪರೀಕ್ಷೆ, ಬಿ12, ಪೋರ್ಟು ಎಲ್ಲ ನೋಡುತ್ತಾರೆ. ಯಾದಗಿರಿಯವರಿಗೆ ಎರಡನೇ ಸಲ ಸಲೈನ್ ತುಂಬುವುದು ಇದೆ. ಒಟ್ಟಿಗೇ ಹೋಗೋಣ ಅಂದಿದ್ದೇವೆ. ನಾನು ಕಲಬುರಗಿಯಲ್ಲಿ ರೈಲು ಹತ್ತುತ್ತೇನೆ, ಅವರು ವಾಡಿಯಲ್ಲಿ. ಬುತ್ತಿ ನಾನೇ ತರುತ್ತೇನೆ ಅಂದಿದ್ದೇನೆ. ಮಡಕೆ ಕಾಳು, ಗಟ್ಟಿ ಮೊಸರು, ಅತ್ತೆ ಬಡಿದ ಎರಡು ಸಣ್ಣ ರೊಟ್ಟಿ.