ಸಹೋದ್ಯೋಗಿ ವಜಾ ಆದ ಮೇಲೆ ತಂಡ ಚೇತರಿಸಿಕೊಳ್ಳುವುದು ಹೇಗೆ?

ದುರ್ನಡತೆಗಾಗಿ ಒಬ್ಬರನ್ನು ಕೆಲಸದಿಂದ ತೆಗೆದ ದಿನ ಕಚೇರಿಯಲ್ಲಿ ಎರಡು ಪ್ರಶ್ನೆ ಓಡಾಡುತ್ತವೆ: ‘ಏನಾಯಿತಂತೆ?’, ‘ಮುಂದಿನ ಸರದಿ ಯಾರದು?’ ಮೊದಲನೆಯದಕ್ಕೆ ಮೇಲ್ವಿಚಾರಕರು ಉತ್ತರ ಕೊಡುವಂತಿಲ್ಲ, ಎರಡನೆಯದಕ್ಕೆ ಕೊಡದೆ ಇರುವಂತಿಲ್ಲ.

ಮೊದಲ ಹೆಜ್ಜೆ: ಅವತ್ತೇ ಹೇಳಿ. ಇಡೀ ತಂಡವನ್ನು ಒಟ್ಟಿಗೆ ಕರೆದು ಹತ್ತು ನಿಮಿಷದಲ್ಲಿ ಮುಗಿಸಿ. ಪಾಳಿ ಇದ್ದರೆ ಪ್ರತಿ ಪಾಳಿಯ ಆರಂಭದಲ್ಲೂ ಅದೇ ಮಾತು, ಪದ ಬದಲಾಗದಂತೆ: ‘ಇಂದಿನಿಂದ ಇವರು ನಮ್ಮಲ್ಲಿ ಕೆಲಸ ಮಾಡುವುದಿಲ್ಲ. ವಿಚಾರಣೆ ನಡೆಸಿ ತೀರ್ಮಾನ ಆಗಿದೆ, ವಿವರ ಹಂಚಿಕೊಳ್ಳುವುದಿಲ್ಲ. ಅವರ ಕೆಲಸ ಯಾರ ಪಾಲಿಗೆ ಎಂಬುದನ್ನು ನಾಳೆ ತಿಳಿಸುತ್ತೇನೆ.’ ಕಾರಣ ಹೇಳಿದರೆ ದೂರು ಕೊಟ್ಟವರ ಗುರುತು ಬಯಲಾಗಬಹುದು, ಮೇಲ್ಮನವಿಗೂ ಮಾನನಷ್ಟದ ದಾವೆಗೂ ಎಡೆಯಾಗಬಹುದು. ‘ನಾಳೆ ನಿಮ್ಮ ಮೇಲೆ ದೂರು ಬಂದರೂ ಇಷ್ಟೇ ಗುಟ್ಟಾಗಿಡುತ್ತೇವೆ’ ಎಂದು ಸೇರಿಸಿ. ಮೌನ ಏಕೆಂದು ಹೆಚ್ಚಿನವರಿಗೆ ಆಗ ಅರ್ಥವಾಗುತ್ತದೆ.

ಪಾಳಿ ಪಟ್ಟಿ, ಫೋನ್ ಪಟ್ಟಿ, ವಾಟ್ಸ್‌ಆ್ಯಪ್ ಗುಂಪುಗಳಿಂದ ಹೆಸರನ್ನು ಅದೇ ದಿನ ತೆಗೆಯಿರಿ, ಪಾಸ್‌ವರ್ಡ್‌ಗಳನ್ನೂ ಬದಲಿಸಿ. ಗೋಡೆಯ ಪಟ್ಟಿಯಲ್ಲಿ ಹೆಸರಿನ ಮೇಲೆ ಗೀಟು ಎಳೆದು ಬಿಡಬೇಡಿ. ಹೊಸ ಹಾಳೆ ಅಂಟಿಸಿ. ಇಲ್ಲದಿದ್ದರೆ ಆ ಗೀಟನ್ನು ಪ್ರತಿ ಬೆಳಿಗ್ಗೆ ಎಲ್ಲರೂ ನೋಡಬೇಕಾಗುತ್ತದೆ.

ಎರಡನೆಯದು ಕೆಲಸದ ಹಂಚಿಕೆ. ತಂಡ ಕುಸಿಯುವುದು ಹೆಚ್ಚಾಗಿ ಇಲ್ಲೇ. ಹಾಳೆಯಲ್ಲಿ ನಾಲ್ಕು ಕಲಂ ಮಾಡಿ: ಕೆಲಸ, ಯಾರು, ಯಾವ ತಾರೀಖಿನವರೆಗೆ, ಅದಕ್ಕಾಗಿ ಏನನ್ನು ಬಿಡಬಹುದು. ಕೊನೆಯ ಎರಡು ಕಲಂ ಖಾಲಿ ಬಿಟ್ಟು ‘ಸದ್ಯಕ್ಕೆ ನೀವೇ ನೋಡಿಕೊಳ್ಳಿ’ ಎಂದರೆ, ಆ ‘ಸದ್ಯ’ ಆರು ತಿಂಗಳಾಗುತ್ತದೆ. ಹೋದವರ ತಪ್ಪಿಗೆ ಉಳಿದವರು ದಂಡ ತೆತ್ತಂತಾಗುತ್ತದೆ.

ಮೊದಲ ವಾರದೊಳಗೆ ಪ್ರತಿಯೊಬ್ಬರ ಜೊತೆ 15–20 ನಿಮಿಷ, ಬಾಗಿಲು ಮುಚ್ಚಿ ಮಾತಾಡಿ. ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೇನೆ’ ಎಂಬ ಉತ್ತರವೇ ಬರುತ್ತದೆ. ‘ಈ ವಾರ ಯಾವ ಕೆಲಸ ಕಷ್ಟವಾಯಿತು?’ ಎಂದು ಕೇಳಿ, ಸುಮ್ಮನೆ ಕುಳಿತು ಕೇಳಿಸಿಕೊಳ್ಳಿ. ಮೂವರ ಮೇಲೆ ವಿಶೇಷ ಗಮನವಿರಲಿ. ಹೋದವರ ಆಪ್ತರಿಗೆ ದುಃಖಪಡಲು ಬಿಡಿ, ಗೆಳೆತನ ಅಪರಾಧವಲ್ಲ. ದೂರು ಕೊಟ್ಟವರನ್ನು ಊಟಕ್ಕೆ ಕರೆಯದಿರುವುದು, ಮಾಹಿತಿ ಮುಟ್ಟಿಸದಿರುವುದು ಕಂಡರೆ ಅದು ಸೇಡು, ಅಂದೇ ತಡೆಯಿರಿ. ಗೊತ್ತಿದ್ದೂ ಹೇಳದೆ ಉಳಿದವರು ಒಳಗೊಳಗೇ ಕೊರಗುತ್ತಿರುತ್ತಾರೆ. ಅವರನ್ನು ತರಾಟೆಗೆ ತೆಗೆದುಕೊಳ್ಳುವ ಬದಲು, ಹೇಳಲು ಏನು ಅಡ್ಡಿಯಾಯಿತು ಎಂದು ಕೇಳಿ. ದೂರಿನ ದಾರಿ ಎಲ್ಲಿ ಮುಚ್ಚಿದೆ ಎಂಬುದು ಅವರಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಮೇಲ್ವಿಚಾರಕರ ಮೇಲಿನ ದೂರೂ ಅದೇ ಮೇಲ್ವಿಚಾರಕರ ಕೈಗೇ ಹೋಗಬೇಕಿದ್ದರೆ ಎರಡನೇ ದಾರಿಯೊಂದನ್ನು ತೆರೆಯಿರಿ.

ಮಾಡಬಾರದ್ದು ಎರಡು. ಒಬ್ಬರ ತಪ್ಪಿಗೆ ಎಲ್ಲರ ಮೇಲೂ ಹೊಸ ನಿಯಮ ಹೇರಿದರೆ ಪ್ರಾಮಾಣಿಕರೇ ಮೊದಲು ನೊಂದುಕೊಳ್ಳುತ್ತಾರೆ. ಮರುವಾರವೇ ಪಾರ್ಟಿ ಇಟ್ಟರೆ ಸಂಭ್ರಮಾಚರಣೆಯಂತೆ ಕಾಣುತ್ತದೆ.

‘ಮುಂದೆ ಯಾರು?’ ಎಂಬ ಭಯಕ್ಕೆ ಭರವಸೆಯ ಮಾತು ಸಾಲದು. ದೂರು ಬಂದರೆ ಯಾರು ವಿಚಾರಿಸುತ್ತಾರೆ, ಆರೋಪಿತರ ಮಾತನ್ನು ಯಾವಾಗ ಕೇಳುತ್ತಾರೆ, ತೀರ್ಮಾನ ಯಾರದು ಎಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕೊಡಿ.

30, 60, 90ನೇ ದಿನ ಮತ್ತೆ ನೋಡಿ: ಏಕಾಏಕಿ ರಜೆ ಹೆಚ್ಚಿದೆಯೇ, ಸಭೆಯಲ್ಲಿ ಮೊದಲು ಮಾತಾಡುತ್ತಿದ್ದವರು ಬಾಯಿ ಬಿಡುತ್ತಿಲ್ಲವೇ, ಹಂಚಿಕೆಯ ಹಾಳೆಯಲ್ಲಿ ತಾರೀಖು ಮೀರಿದ ಕೆಲಸ ಇನ್ನೂ ಅದೇ ಕೈಯಲ್ಲಿದೆಯೇ? ಮೂರನೆಯದು ಕಂಡರೆ ಆ ಕೆಲಸವನ್ನು ಅಂದೇ ಬೇರೆಯವರಿಗೆ ವಹಿಸಿ.